ಉಜ್ಜಿದರೆ ಉದುರುವ ಗಂಟು

ಅತ್ತಿಗೆ ಮೊದಲ ಸಲ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಬಂದದ್ದು ಒಂದು ಬುಧವಾರ, ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಪ್ರಯೋಗಾಲಯದ ಹುಡುಗಿಗೆ ನಿಮಿಷ ಕೂಡ ನೆನಪಿದೆ. ಗೋಡೆ ಗಡಿಯಾರ ಹಿಂದೆ ಬಿದ್ದಿದೆಯೆಂದು ಅವಳು ಸ್ಟೂಲ್ ಹತ್ತಿ ಮುಳ್ಳು ತಿರುಗಿಸುತ್ತಿದ್ದಳು. ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಐವತ್ತು ದಾಟಿದ ಒಬ್ಬ ಹೆಂಗಸು, ಗಿಡ್ಡಗೆ ಗಟ್ಟಿಮುಟ್ಟಾಗಿದ್ದಾರೆ. ಒಂದು ಚಪ್ಪಲಿಯ ಬಾರನ್ನು ತಂತಿಯಿಂದ ಬಿಗಿದಿದೆ. ಎಡಗೈ ಬೆರಳ ಸಂದಿಯಲ್ಲಿ ಬಸ್ಸಿನ ಚೀಟಿ ಇನ್ನೂ ಹಾಗೇ ಇದೆ. ಬಲಗೈ ಮೇಲೆ ಒದ್ದೆ ಗೋಣಿಯ ಸುರುಳಿ, ಎಳೆಮಗುವನ್ನು ಎತ್ತಿಕೊಂಡ ಹಾಗೆ. ಅದರಿಂದ ಕೆಂಪು ನೀರು ತೊಟ್ಟಿಕ್ಕಿ, ಆಗತಾನೇ ಒರೆಸಿದ್ದ ನೆಲದ ಮೇಲೆ ಹೊಸಿಲಿನಿಂದಲೇ ಚುಕ್ಕಿ ಇಡುತ್ತಾ ಬಂದಿತ್ತು.

"ಬೀನ್ಸ್ ಬಗ್ಗೆ ಮಾತಾಡಿದ ಮೇಡಂ ನೀವೇ ಅಲ್ವಾ?"

"ಹೌದಮ್ಮ, ನಾನೇ."

"ಅನುಮಾನ ಬಂತು. ಅವತ್ತು ಕನ್ನಡಕ ಕಣ್ಣಿಗಿತ್ತು, ಇವತ್ತು ತಲೆ ಮೇಲಿದೆ."

ಹುಡುಗಿ ಕನ್ನಡಕ ಇಳಿಸಿಕೊಂಡು ಸ್ಟೂಲಿನಿಂದ ಇಳಿದಳು. ಹೆಂಗಸು ಕೇಳದೆಯೇ ಮೇಜಿನ ಮೇಲಿದ್ದ ಜರಡಿಗಳನ್ನು ಪಕ್ಕಕ್ಕೆ ಸರಿಸಿ ಗೋಣಿ ಬಿಚ್ಚಿದರು. ಒಳಗೆ ಬುಡಸಮೇತ ಕಿತ್ತ ಮೂರು ಬೀನ್ಸ್ ಗಿಡಗಳು. ಎಲೆಗಳನ್ನು ಸವರಿ ಹಾಕಿ ಬೇರುಗಳನ್ನು ಮಾತ್ರ ಜೋಪಾನವಾಗಿ ತೊಳೆದು, ಒಂದರ ಮೇಲೊಂದು ಬೀಳದಂತೆ ನಡುವೆ ಹಳೆ ಬಟ್ಟೆಯ ತುಂಡು ಇಟ್ಟಿದ್ದರು.

"ನಿಮಗೇಂತ ತಂದೆ. ಬರಿಗೈಲಿ ಬರೋದು ಹೇಗೆ? ಕಾಯಿ ಎಲ್ಲರೂ ತಂದುಕೊಡ್ತಾರೆ, ಬೇರು ಯಾರು ತರ್ತಾರೆ ಹೇಳಿ. ನೋಡಿ ಮೇಡಂ, ಗಂಟು ಎಷ್ಟಿದೆ. ಎಣಿಸೋಕೆ ಕೂತ್ರೆ ಇಲ್ಲೇ ಸಂಜೆಯಾಗುತ್ತೆ. ಎಲ್ಲಾ ನೀವು ಹೇಳ್ಕೊಟ್ಟ ವಿದ್ಯೆ."

ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಈ ಏಳು ತಿಂಗಳಲ್ಲಿ ಯಾರೂ ಅವಳನ್ನು ಹುಡುಕಿಕೊಂಡು ಬಂದಿರಲಿಲ್ಲ. ವರದಿಯ ಹಾಳೆ ಹುಡುಕಿಕೊಂಡು ಬರುತ್ತಿದ್ದರು, ಅಷ್ಟೇ. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಸಂಬಳದ ಕೆಲಸ ಎಂದರೆ ಏನು ಮಾಡುತ್ತೀಯ ಎಂದು ಅಮ್ಮ ಕೇಳಿದಾಗಲೆಲ್ಲ "ಮಣ್ಣು ನೋಡ್ತೀನಿ" ಅನ್ನುತ್ತಿದ್ದಳು. "ಅದನ್ನ ಇಲ್ಲೇ ನೋಡಬಹುದಿತ್ತಲ್ಲ" ಎಂದು ಅಮ್ಮ ನಗುತ್ತಿದ್ದರು. ಅಂಥವಳ ಎದುರಿಗೆ ಈಗ ಒಬ್ಬರು ಬಸ್ಸು ಹತ್ತಿ ಧನ್ಯವಾದ ಹೇಳಲು ಬಂದಿದ್ದಾರೆ. ಅವಳ ಮುಖ ಕಿವಿಯವರೆಗೆ ಕೆಂಪಾಯಿತು. ಸಂತೋಷದಿಂದಲೇ ಒಂದು ಬೇರನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಒಂದು ಗಂಟನ್ನು ಉಜ್ಜಿದಳು.

ಗಂಟು ಕದಲಲಿಲ್ಲ.

ಇನ್ನೊಂದನ್ನು ಉಜ್ಜಿದಳು. ಅದೂ ಇಲ್ಲ. ಮೂರನೆಯದನ್ನು ಉಗುರಿನಿಂದ ಒತ್ತಿದರೆ ಬೇರೇ ಹರಿದು ಬಂತು. ಗಂಟು ಬೇರಿಗೆ ಅಂಟಿಕೊಂಡಿರಲಿಲ್ಲ. ಬೇರೇ ಊದಿ, ಶುಂಠಿಯ ಕೊಂಬಿನ ಹಾಗೆ ದಪ್ಪಗಾಗಿತ್ತು.

ಅವಳು ಬೇರನ್ನು ಬೆಳಕಿಗೆ ಹಿಡಿದು ನೋಡಿದಳು.

ನಾಲ್ಕು ತಿಂಗಳ ಹಿಂದಿನ ಆ ಭಾಷಣ ಅವಳ ಮೊದಲನೆಯದು. ಒಂದು ಶಾಲೆಯ ದೊಡ್ಡ ಕೋಣೆ, ಅರವತ್ತು ಜನ ರೈತರು, ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರ. ಬೀನ್ಸ್ ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ, ಅದರೊಳಗೆ ಉಪಕಾರಿ ಸೂಕ್ಷ್ಮಜೀವಿಗಳು ಕೂತು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ, ಗಂಟು ಹೆಚ್ಚಿದ್ದಷ್ಟೂ ಒಳ್ಳೆಯದು, ಗಂಟಿಲ್ಲದ ಹೊಲಕ್ಕೆ ಗಂಟಿರುವ ಹೊಲದ ಮಣ್ಣನ್ನು ಒಂದೆರಡು ಬುಟ್ಟಿ ಹಾಕಿದರೂ ಉಪಯೋಗ ಎಂದು ಅವಳು ಹುರುಪಿನಿಂದ ಹೇಳಿದ್ದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕೊನೆಯ ಚಿತ್ರವೊಂದು ಉಳಿದಿತ್ತು. ಬೇರಿನ ಮೇಲೆ ಇನ್ನೊಂದು ಬಗೆಯ ಗಂಟೂ ಬರುತ್ತದೆ, ಅದು ಮಣ್ಣಿನ ಜಂತುಹುಳುಗಳು ಒಳಹೊಕ್ಕು ಮಾಡಿದ ಊತ, ಎರಡಕ್ಕೂ ವ್ಯತ್ಯಾಸ ಹೀಗೆ ಎಂದು ತೋರಿಸುವ ಚಿತ್ರ. ಅಷ್ಟರಲ್ಲಿ ಚಹಾ ಬಂತು. ಹಿಂದಿನ ಸಾಲಿನವರು ಎದ್ದರು, ಮುಂದಿನ ಸಾಲಿನವರು ಹಿಂದೆ ತಿರುಗಿ ನೋಡಿದರು, ಯಂತ್ರದವನು ದೀಪ ಹಾಕಿಬಿಟ್ಟ. ಇನ್ನೊಮ್ಮೆ ಹೇಳಿದರಾಯಿತು ಅಂದುಕೊಂಡು ಅವಳೂ ಚಹಾ ಕುಡಿದಿದ್ದಳು.

"ಏನ್ ಮೇಡಂ, ಮಾತೇ ಇಲ್ಲ. ಚೆನ್ನಾಗಿಲ್ವಾ?"

"ಅಮ್ಮ, ಈ ಗಂಟಿರೋ ಜಾಗದಲ್ಲಿ ಗಿಡ ಹೇಗಿದೆ?"

"ಗಿಡ ಸ್ವಲ್ಪ ಹಳದಿ. ಮಧ್ಯಾಹ್ನ ಬಾಡಿ ತಲೆ ತೂಗಿಸುತ್ತೆ, ಸಾಯಂಕಾಲ ಏಳುತ್ತೆ. ಬಿಸಿಲು ಜಾಸ್ತಿ ಅಲ್ವಾ ಈ ಸಲ. ಕಾಯಿನೂ ಕಡಿಮೆನೇ. ಆದ್ರೆ ಬೇರಿಗೆ ಬಲ ಬಂದ ಮೇಲೆ ಕಾಯಿ ಎಲ್ಲಿ ಹೋಗುತ್ತೆ ಅಂತ ನಾನು ತಲೆ ಕೆಡಿಸ್ಕೊಂಡಿಲ್ಲ." ಹೆಂಗಸು ಸ್ವರ ತಗ್ಗಿಸಿ, ಗುಟ್ಟು ಹೇಳುವ ಹಾಗೆ ಮುಂದೆ ಬಾಗಿದರು. "ಇನ್ನೊಂದು ವಿಷಯ ಹೇಳೋಕೇ ಬಂದಿದ್ದು. ನನಗೂ ನಮ್ಮ ನಾದಿನಿಗೂ ಮೂರು ವರ್ಷ ಮಾತಿರಲಿಲ್ಲ. ಅವಳ ಹೊಲ ನನ್ನ ಹೊಲದ ಪಕ್ಕ, ಮಧ್ಯೆ ಒಂದು ಬದು. ನೀರಿನ ಪೈಪಿನ ವಾಲ್ವ್ ಯಾರು ತಿರುಗಿಸಿದ್ದು ಅನ್ನೋದಕ್ಕೆ ಶುರುವಾಗಿದ್ದು, ಆಮೇಲೆ ಮದುವೆ ಕಾಲದ ಪಾತ್ರೆವರೆಗೂ ಹೋಯ್ತು. ನೀವು ಮಣ್ಣು ಹಾಕಿ ಅಂದಿದ್ರಲ್ಲ, ನಾನು ಮಾರನೇ ದಿನವೇ ನನ್ನ ಗಂಟಿನ ಮೂಲೆಯಿಂದ ಹನ್ನೊಂದು ಬುಟ್ಟಿ ಮಣ್ಣು ಹೊತ್ತು ಅವಳ ಹೊಲಕ್ಕೆ ಚೆಲ್ಲಿದೆ. ಅವಳು ಸೊಂಟದ ಮೇಲೆ ಕೈ ಇಟ್ಕೊಂಡು ನೋಡ್ತಾ ನಿಂತಿದ್ಲು. ಹನ್ನೊಂದನೇ ಬುಟ್ಟಿಗೆ 'ಸಾಕು ಅತ್ತಿಗೆ, ಬೆನ್ನು ಹಿಡ್ಕೊಳ್ಳುತ್ತೆ' ಅಂದ್ಲು. ಅದೇ ಮೊದಲ ಮಾತು. ಈಗ ದಿನಾ ಒಟ್ಟಿಗೇ ಕೂತು ಊಟ ಮಾಡ್ತೀವಿ. ನಿಮ್ಮಿಂದ ಆಗಿದ್ದು."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ತುಂಬಾ ಚೆನ್ನಾಗಿದೆ ಅಮ್ಮ, ಹೋಗಿ ಬನ್ನಿ ಎಂದು ಕಳಿಸಿಬಿಡಲು ಹುಡುಗಿಗೆ ಅರೆಗಳಿಗೆ ಮನಸ್ಸಾಯಿತು. ಕೈಯಲ್ಲಿದ್ದ ಬೇರು ಅದಕ್ಕೆ ಬಿಡಲಿಲ್ಲ. ಅವಳು ಕುರ್ಚಿ ಎಳೆದು ಹೆಂಗಸನ್ನು ಕೂರಿಸಿದಳು. ಕೇಂದ್ರದ ಹಿತ್ತಲಲ್ಲಿ ಮಾದರಿಗೆಂದು ಬೆಳೆದಿದ್ದ ಒಂದು ಬೀನ್ಸ್ ಗಿಡ ಕಿತ್ತು ತಂದು, ನಲ್ಲಿಯಲ್ಲಿ ತೊಳೆದು ಎದುರಿಗಿಟ್ಟಳು.

"ಇದನ್ನ ಉಜ್ಜಿ."

ಹೆಂಗಸು ಉಜ್ಜಿದರು. ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಗಂಟುಗಳು ಪುಳುಪುಳು ಉದುರಿ ಅಂಗೈಗೆ ಬಿದ್ದವು. ಹುಡುಗಿ ಒಂದನ್ನು ಬ್ಲೇಡಿನಿಂದ ಸೀಳಿ ತೋರಿಸಿದಳು. ಒಳಗೆ ತಿಳಿಗೆಂಪು ಬಣ್ಣ.

"ಈಗ ನಿಮ್ಮದನ್ನ ಉಜ್ಜಿ."

ಹೆಂಗಸು ಉಜ್ಜಿದರು. ಮತ್ತೆ ಉಜ್ಜಿದರು. ಮೂರು ಗಿಡವನ್ನೂ ಬಿಡದೆ ಉಜ್ಜಿ, ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಹುಡುಗಿ ಎಲ್ಲವನ್ನೂ ಹೇಳಿದಳು. ಕೊನೆಯ ಚಿತ್ರ, ಚಹಾ, ದೀಪ ಯಾವುದನ್ನೂ ಬಚ್ಚಿಡಲಿಲ್ಲ.

ಹೆಂಗಸು ಕೇಳಿದ್ದು ಒಂದೇ ಮಾತು. "ಹಾಗಾದ್ರೆ ನಾನು ಅವಳ ಹೊಲಕ್ಕೆ ಹೊತ್ತು ಹಾಕಿದ್ದು ಹುಳಾನಾ?"

"ಇರಬಹುದು. ನೋಡದೆ ಹೇಳೋಕಾಗಲ್ಲ."

"ನೋಡೋಕಾಗುತ್ತಾ?"

ಆ ಪ್ರಶ್ನೆ ಕೇಳಿದಾಗ ಅವರ ಕಣ್ಣಲ್ಲಿ ಭಯ ಇತ್ತು, ನಿಜ. ಅದರ ಹಿಂದೆಯೇ ಇನ್ನೇನೋ ಹೊಳೆದದ್ದನ್ನೂ ಹುಡುಗಿ ನೋಡಿದಳು. ಅದು ಕುತೂಹಲ. ಈ ಹೆಂಗಸನ್ನು ಸುತ್ತಮುತ್ತಲಿನವರೆಲ್ಲ ಅತ್ತಿಗೆ ಎಂದೇ ಕರೆಯುತ್ತಾರೆಂದು ಅವಳಿಗೆ ಆಮೇಲೆ ಗೊತ್ತಾಯಿತು. ನಾದಿನಿ ಬದುವಿನ ಆಚೆಯಿಂದ "ಅತ್ತಿಗೇ" ಎಂದು ಕೂಗಿದರೆ ನಾಲ್ಕು ಬೀದಿಗೆ ಕೇಳುತ್ತಿತ್ತು. ಕೇಳಿ ಕೇಳಿ ಬಸ್ಸಿನ ಕಂಡಕ್ಟರ್ ಕೂಡ "ಅತ್ತಿಗೆ, ಒಳಗೆ ಬನ್ನಿ" ಅನ್ನಲು ಕಲಿತಿದ್ದ.

ಮಾರನೇ ದಿನ ಅತ್ತಿಗೆ ನಾದಿನಿಯ ಹೊಲದ ಮಣ್ಣನ್ನು ಡಬ್ಬಿಯಲ್ಲಿ ತಂದರು. ಹುಡುಗಿ ಹೇಳಿಕೊಟ್ಟಂತೆಯೇ ಗಿಡದ ಬುಡದಿಂದ, ಗೇಣುದ್ದ ಆಳದಿಂದ, ಹತ್ತು ಕಡೆ ತೆಗೆದು ಕಲಸಿದ್ದರು. ಯಾಕೆಂದು ನಾದಿನಿ ಕೇಳಿದ್ದಕ್ಕೆ "ಪರೀಕ್ಷೆಗೆ" ಎಂದಷ್ಟೇ ಹೇಳಿದ್ದರಂತೆ. ಒಂದು ತಟ್ಟೆಯಲ್ಲಿ ನೀರು, ಅದರಲ್ಲಿ ಕೂರುವಂತೆ ಒಂದು ಜರಡಿ, ಜರಡಿಯ ಮೇಲೆ ತೆಳು ಕಾಗದ, ಕಾಗದದ ಮೇಲೆ ಒಂದು ಹಿಡಿ ಮಣ್ಣು. ಮಣ್ಣು ತೇವವಾದಂತೆ ಹುಳುಗಳು ಕಾಗದದ ಸಂದಿಯಿಂದ ಕೆಳಗಿನ ನೀರಿಗೆ ಈಜಿ ಬರುತ್ತವೆ. ಒಂದು ದಿನ ಕಾಯಬೇಕು, ಅಲುಗಾಡಿಸಬಾರದು. ಇಷ್ಟೇ ಉಪಾಯ.

"ಇಷ್ಟೇನಾ? ನಾನು ದೊಡ್ಡ ಮಿಷನ್ ಇರುತ್ತೆ ಅಂದ್ಕೊಂಡಿದ್ದೆ. ಇದು ನಮ್ಮ ಅಡುಗೆಮನೆಯಲ್ಲೇ ಆಗುತ್ತಲ್ಲ."

"ಆಗುತ್ತೆ. ಆದ್ರೆ ಹುಳ ಕಣ್ಣಿಗೆ ಕಾಣಲ್ಲ. ಕೂದಲಿಗಿಂತ ಸಣ್ಣ."

ಶುಕ್ರವಾರ ಬಾಗಿಲು ತೆಗೆಯುವ ಮೊದಲೇ ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗಿ ತಟ್ಟೆಯ ನೀರನ್ನು ಸೋಸಿ, ಗಾಜಿನ ಬಿಲ್ಲೆಯ ಮೇಲೆ ಒಂದಿಷ್ಟು ಬಿಟ್ಟು, ಸೂಕ್ಷ್ಮದರ್ಶಕದ ಹೊದಿಕೆ ತೆಗೆದಳು. ತಾನು ನೋಡಿದಳು. ಪಕ್ಕಕ್ಕೆ ಸರಿದು ಅತ್ತಿಗೆಗೆ ಜಾಗ ಬಿಟ್ಟಳು.

ಅತ್ತಿಗೆ ಮೊದಲು ತಮ್ಮ ರೆಪ್ಪೆಗೂದಲನ್ನೇ ನೋಡಿ "ಕಾಡು ಕಾಣಿಸ್ತಿದೆ" ಅಂದರು. ಆಮೇಲೆ ಕಣ್ಣು ಸರಿಯಾಗಿ ಕೂತಿತು. ಬಿಳಿ ಬೆಳಕಿನ ಬಟ್ಟಲಲ್ಲಿ ಗಾಜಿನ ಎಳೆಯಂಥ ಹುಳುಗಳು ಎಂಟರ ಅಂಕಿ ಬರೆಯುತ್ತಾ, ಅಳಿಸುತ್ತಾ, ಮತ್ತೆ ಬರೆಯುತ್ತಾ ಓಡಾಡುತ್ತಿದ್ದವು.

"ಇವೇನಾ?"

"ಇವೇ. ಮಣ್ಣಲ್ಲಿ ಬೇರೆ ಹುಳಾನೂ ಇರುತ್ತೆ, ಎಲ್ಲವೂ ಕೆಟ್ಟದ್ದಲ್ಲ. ಆದ್ರೆ ಇದರಲ್ಲಿ ಗಂಟು ಮಾಡೋವೇ ಜಾಸ್ತಿ."

"ಮೂವತ್ತು ವರ್ಷ ಇವುಗಳ ಮೇಲೇ ಓಡಾಡಿದೀನಿ. ಒಂದಿನ ಮುಖ ನೋಡಿರಲಿಲ್ಲ." ಅತ್ತಿಗೆ ಕಣ್ಣು ತೆಗೆಯಲಿಲ್ಲ. "ಎಷ್ಟು ಚೆನ್ನಾಗಿದಾವೆ ಕಣಮ್ಮ. ಇವು ಹಾಳು ಮಾಡೋ ಹಾಗೇ ಕಾಣಲ್ಲ." ಮೇಡಂ ಹೋಗಿ ಕಣಮ್ಮ ಆದದ್ದು ಆ ಕ್ಷಣದಲ್ಲಿ. ಅರ್ಧ ಗಂಟೆ ಅವರನ್ನು ಅಲ್ಲಿಂದ ಎಬ್ಬಿಸಲಾಗಲಿಲ್ಲ. ಕೇಂದ್ರದ ಮುಖ್ಯಸ್ಥರು ಬಂದು ಹಿಂದೆ ನಿಂತದ್ದೂ ಗೊತ್ತಾಗಲಿಲ್ಲ.

ಹುಡುಗಿ ಮುಖ್ಯಸ್ಥರಿಗೆ ನಡೆದದ್ದನ್ನು ಹೇಳಿದಳು. ಅವರು ಮಿತಭಾಷಿ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಒಂದು ತಿದ್ದುಪಡಿ ಪತ್ರ ಬರಿ, ಭಾಷಣಕ್ಕೆ ಬಂದ ಅರವತ್ತು ಜನಕ್ಕೂ ಕಳಿಸೋಣ" ಅಂದರು.

"ಕಳಿಸ್ತೀನಿ ಸರ್. ಆದ್ರೆ ಇವರ ನಾದಿನಿಗೆ ಪತ್ರ ಬರೆಯೋಕಾಗಲ್ಲ. ಹೋಗಿ ಹೇಳಬೇಕು."

"ನೀನ್ಯಾಕೆ ಬರ್ತೀಯ? ಬೈಸ್ಕೊಳ್ಳೋದು ನನಗೆ ಅಭ್ಯಾಸ ಇದೆ" ಎಂದರು ಅತ್ತಿಗೆ. ಅಂದವರ ಕೈಯಲ್ಲಿ ಬಸ್ಸಿನ ಚೀಟಿ ಸುರುಳಿಯಾಗಿ ಸುರುಳಿಯಾಗಿ ಬೆಂಕಿಕಡ್ಡಿಯಷ್ಟು ತೆಳ್ಳಗಾಗಿತ್ತು. ಮೂರು ವರ್ಷದ ಮೌನ ಹನ್ನೊಂದು ಬುಟ್ಟಿ ಮಣ್ಣಿನಿಂದ ಒಡೆದಿತ್ತು. ಅದೇ ಮಣ್ಣಿನಿಂದ ಮತ್ತೆ ಕಟ್ಟಿಕೊಳ್ಳಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅದೇ ಮಧ್ಯಾಹ್ನ ಇಬ್ಬರೂ ಹೋದರು. ನಾದಿನಿ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಕೂತು ಬೀನ್ಸ್ ಆರಿಸುತ್ತಿದ್ದರು. ಎತ್ತರದ ಹೆಂಗಸು, ಎತ್ತರಕ್ಕೆ ತಕ್ಕ ದನಿ. ಅವರ ಅಣ್ಣ, ಅಂದರೆ ಅತ್ತಿಗೆಯ ಗಂಡ, ಪಕ್ಕದಲ್ಲೇ ಒಂದು ಪಂಪು ಬಿಚ್ಚಿಕೊಂಡು ಕೂತಿದ್ದ. ಪಂಪ್ ರಿಪೇರಿ ಅವನ ಕಸುಬು. ಹೆಂಡತಿ ಮತ್ತು ತಂಗಿ ಒಟ್ಟಿಗಿದ್ದಾಗ ಕಿವಿ ಕೇಳಿಸದಿರುವುದು ಅವನ ವಿದ್ಯೆ.

ಹುಡುಗಿಯೇ ಶುರುಮಾಡಿದಳು. "ತಪ್ಪು ನನ್ನದು. ಅರ್ಧ ಹೇಳಿ ಬಿಟ್ಟೆ." ನಾದಿನಿಯ ಹೊಲದಿಂದಲೇ ಒಂದು ಗಿಡ ಕಿತ್ತು ಎದುರಿಗಿಟ್ಟಳು. ಬೇರಿನ ತುದಿಗಳಲ್ಲಿ ಊತ ಆಗಲೇ ಶುರುವಾಗಿತ್ತು.

ನಾದಿನಿ ಪೂರ್ತಿ ಕೇಳಿಸಿಕೊಂಡರು. ಒಂದು ಕಾಯಿಯ ನಾರು ತೆಗೆದರು. "ತಾ ಕೆಟ್ಟ ಕೋತಿ ವನವನ್ನೆಲ್ಲಾ ಕೆಡಿಸ್ತಂತೆ" ಅಂದರು. "ನಾನೂ ಅಂದ್ಕೊಂಡೆ, ಇದೇನು ಅತ್ತಿಗೆ ಹನ್ನೊಂದು ಬುಟ್ಟಿ ಕೊಟ್ರಲ್ಲ, ಒಂದು ಲೋಟ ಸಕ್ಕರೆ ಕೊಡೋಕೆ ಮೂರು ಸಲ ಯೋಚನೆ ಮಾಡೋರು."

"ಬೇಕೂಂತ ಮಾಡಿದ್ನಾ? ಬೆನ್ನು ಮುರಿದು ಹೊತ್ತಿದೀನಿ."

"ಅದೇ ಹೇಳ್ತಿದೀನಿ. ಬೇಕೂಂತ ಮಾಡೋರು ಕೂಡ ಇಷ್ಟು ಕಷ್ಟಪಡಲ್ಲ."

ಪಂಪಿನ ಹಿಂದೆ ಯಾರೋ ನಕ್ಕ ಸದ್ದು ಬಂತು, ಕೂಡಲೇ ಸ್ಪ್ಯಾನರ್ ಬಿದ್ದ ಸದ್ದಿನಲ್ಲಿ ಮುಚ್ಚಿಹೋಯಿತು. ನಾದಿನಿ ನಗಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ಬಾಗಿಲ ಹತ್ತಿರ ನಿಂತು ಹುಡುಗಿಯನ್ನು ಮಾತ್ರ ನೋಡುತ್ತಾ ಕೇಳಿದರು, "ಮದ್ದಿದೆಯಾ?"

"ಇದೆ. ವಿಷ ಅಲ್ಲ. ಚೆಂಡುಹೂವು."

"ಹೂವಾ?"

"ಸಣ್ಣ ಜಾತಿಯದು. ಅದರ ಬೇರಿಂದ ಬರೋ ರಸ ಈ ಹುಳಕ್ಕೆ ಆಗಲ್ಲ, ಅದರ ಬೇರೊಳಗೆ ಹೊಕ್ಕರೂ ಬೆಳೆಯೋಕಾಗಲ್ಲ. ಬೀನ್ಸ್ ಸಾಲಿನ ಮಧ್ಯೆ ಅದನ್ನ ನೆಡಬೇಕು. ಹುಳ ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ಕಡಿಮೆಯಾಗುತ್ತೆ. ಒಂದು ಪಟ್ಟಿ ಹೂವಿಲ್ಲದೆ ಬಿಟ್ಟು ಹೋಲಿಸಿ ನೋಡೋಣ." ಈ ಸಲ ಅವಳು ಯಾವ ಚಿತ್ರವನ್ನೂ ಬಿಡಲಿಲ್ಲ.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನೋಡೋಣ" ಎಂದು ನಾದಿನಿ ಬಾಗಿಲು ಹಾಕಿಕೊಂಡರು. ಮಾರನೇ ದಿನದಿಂದ ಅತ್ತಿಗೆ ಒಬ್ಬರೇ ಊಟ ಮಾಡಿದರು.

ಮುಂದಿನ ಮೂರೂವರೆ ತಿಂಗಳು ಹುಡುಗಿಯ ಜೀವನದಲ್ಲಿ ಅತ್ಯಂತ ಉದ್ದನೆಯವು, ಅತ್ಯಂತ ಚುರುಕಾದವೂ ಹೌದು. ಅತ್ತಿಗೆ ಸುಮ್ಮನೆ ಕೂರುವ ಆಸಾಮಿಯಲ್ಲ. ಹಳೆ ಬಕೆಟ್, ತಳ ಒಡೆದ ಟಬ್, ಎಣ್ಣೆ ಡಬ್ಬಿ ಸಿಕ್ಕಿದ್ದರಲ್ಲೆಲ್ಲ ಚೆಂಡುಹೂವಿನ ಸಸಿ ಹಾಕಿದರು. ಗಂಡ ಪಂಪಿನ ನಟ್ಟು ಹುಡುಕಲು ಡಬ್ಬಿಗೆ ಕೈ ಹಾಕಿದರೆ ಸಸಿ ಸಿಗುತ್ತಿತ್ತು. ಬೀನ್ಸ್ ಬಿತ್ತಿದ ದಿನವೇ ಎರಡು ಸಾಲಿಗೊಂದರಂತೆ ಚೆಂಡುಹೂ ನೆಟ್ಟರು. ಬದುವಿನ ಕಡೆ ಒಂದು ಪಟ್ಟಿಯಲ್ಲಿ ಬರೀ ಬೀನ್ಸ್ ಹಾಕಿ, ಹೂವಿಲ್ಲದೆ ಖಾಲಿ ಬಿಟ್ಟರು. ಒಂದು ಹೊಲದ ಗುದ್ದಲಿ ಇನ್ನೊಂದಕ್ಕೆ ತೊಳೆಯದೆ ಹೋಗಬಾರದು, ಚಪ್ಪಲಿಯ ಮಣ್ಣೂ ಉದುರಬೇಕು ಎಂದು ಹುಡುಗಿ ಹೇಳಿದ್ದಕ್ಕೆ ಹೊಲದ ಬಾಯಲ್ಲಿ ನೀರಿನ ಬಕೆಟ್ ಇಟ್ಟು, ಬಂದವರ ಕಾಲು ತೊಳೆಸಿ ಒಳಗೆ ಬಿಟ್ಟರು. ಅಂಚೆಯವನಿಗೂ ಬಿಡುಗಡೆ ಇರಲಿಲ್ಲ. "ಕಾಗದ ಕೊಡೋಕೆ ಕಾಲು ತೊಳೀಬೇಕಾ?" ಎಂದು ಅವನು ಬೇಲಿಯಾಚೆಯಿಂದಲೇ ಕಾಗದ ಎಸೆಯತೊಡಗಿದ. ಕಳೆ ಗಿಡದ ಬೇರಲ್ಲೂ ಹುಳ ಅಡಗುತ್ತದೆ ಎಂದು ಗೊತ್ತಾದ ಮೇಲಂತೂ ದಾರಿಯಲ್ಲಿ ಹೋಗುವಾಗ ಬಗ್ಗಿ ಬಗ್ಗಿ ಕಳೆ ಕಿತ್ತು ಬೇರು ನೋಡುವುದು ಅಭ್ಯಾಸವಾಯಿತು. ಒಮ್ಮೆ ಬಸ್ ನಿಲ್ದಾಣದಲ್ಲಿ ಒಂದು ಗಿಡ ಕಿತ್ತು, ಗಂಟು ನೋಡಿ, ಅಪರಿಚಿತರೊಬ್ಬರಿಗೆ ಪಾಠ ಮಾಡಿ, ಬಸ್ಸು ತಪ್ಪಿಸಿಕೊಂಡರು.

ನಾದಿನಿಯ ಕಡೆ ಮಾತ್ರ ಬೇರೆಯೇ ನಡೆಯುತ್ತಿತ್ತು. ಎರಡು ಸಾಲಿಗೊಂದು ಎಂದು ಹೇಳಿ ಕಳಿಸಿದರೆ "ಅರ್ಧ ಹೇಳಿದ್ದನ್ನ ಕೇಳಿಯೇ ಹೀಗಾಗಿದ್ದು, ಈ ಸಲ ಅರ್ಧ ಕೆಲಸ ನನ್ನ ಕೈಲಾಗಲ್ಲ" ಅಂದರಂತೆ. ಬೀನ್ಸ್ ಬಿತ್ತಲೇ ಇಲ್ಲ. ಒಂದು ಪಟ್ಟಿ ಮಾತ್ರ ಖಾಲಿ ಬಿಟ್ಟು, ಉಳಿದ ಹೊಲ ತುಂಬಾ ಚೆಂಡುಹೂವನ್ನೇ ಒತ್ತೊತ್ತಾಗಿ ನೆಟ್ಟರು. ಬದುವಿನ ಈಚೆ ಅತ್ತಿಗೆಯ ಬೀನ್ಸ್ ಹೂ ಬಿಟ್ಟು ಕಾಯಿ ಕಚ್ಚುವಾಗ ಆಚೆ ಬರೀ ಹಳದಿ. ಬೀದಿಯವರು ನಕ್ಕರು. ಒಂದೂವರೆ ತಿಂಗಳಾದ ಮೇಲೆ ಎರಡು ಸಾಲು ಬಿಟ್ಟು ಎರಡು ಸಾಲು ಹೂಗಿಡ ಕಿತ್ತು, ಆ ಜಾಗದಲ್ಲಿ ಬೀನ್ಸ್ ಬಿತ್ತಿದರು. ಖಾಲಿ ಪಟ್ಟಿಗೂ ಅವತ್ತೇ ಬೀಜ ಹಾಕಿದರು. ಉಳಿದ ಹೂಗಿಡಗಳು ನೆರಳು ಮಾಡದಂತೆ ತಲೆ ಕತ್ತರಿಸುತ್ತಾ ಬಂದರು. ಹಟಕ್ಕೆ ಮಾಡುತ್ತಿದ್ದಾರೆ, ಬೆಳೆಯ ಹೊತ್ತು ಮೀರುತ್ತಿದೆ ಎಂದು ಹುಡುಗಿ ಕಳವಳಪಟ್ಟಳು. ಅತ್ತಿಗೆ ಬದುವಿನ ಮೇಲೆ ನಿಂತು ಆಚೆ ನೋಡುತ್ತಿದ್ದರು. ನಾದಿನಿ ಈಚೆ ನೋಡುತ್ತಿರಲಿಲ್ಲ.

ಕೊನೆಗೆ ಕೀಳುವ ದಿನ ಬಂತು. ಮೊದಲು ಅತ್ತಿಗೆಯ ಹೊಲ. ಭಾಷಣಕ್ಕೆ ಬಂದಿದ್ದ ಅರವತ್ತರಲ್ಲಿ ಮೂವತ್ತು ಜನ ಬಂದಿದ್ದರು, ಮುಖ್ಯಸ್ಥರೂ ಇದ್ದರು. ಎಲ್ಲರೂ ಸಾಲಾಗಿ ಕಾಲು ತೊಳೆದೇ ಒಳಗೆ ಬಂದರು. ಬೆಳಗಿನ ಬಿಸಿಲು ಚೆಂಡುಹೂವಿನ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು.

ಖಾಲಿ ಪಟ್ಟಿಯಿಂದ ಕಿತ್ತ ಗಿಡದ ಬೇರು ಅದೇ ಹಳೇ ಶುಂಠಿ ಕೊಂಬು. ಹೂಸಾಲಿನ ಪಕ್ಕದಿಂದ ಕಿತ್ತದ್ದನ್ನು ಅತ್ತಿಗೆ ಬಕೆಟ್ಟಿನಲ್ಲಿ ಜಾಲಿಸಿ ಎತ್ತಿ ಹಿಡಿದರು. ಊತ ಇತ್ತು, ಆದರೆ ಅರ್ಧಕ್ಕೂ ಕಡಿಮೆ. ಅದರ ನಡುವೆ ಸಣ್ಣ ದುಂಡು ಗಂಟುಗಳು. ಉಜ್ಜಿದರು. ಪುಳುಪುಳು ಉದುರಿದವು. ಜನರ ನಡುವೆ ಒಂದು ಅಲೆ ಎದ್ದಿತು. ಎಲ್ಲರಿಗೂ ತಾವೇ ಉಜ್ಜಬೇಕು. ಗಿಡ ಕಿತ್ತವರು, ತೊಳೆದವರು, ಉಜ್ಜಿದವರು, "ಉದುರ್ತು", "ಇದು ಉದುರಲಿಲ್ಲ", "ನಂದು ಮೂರು ಉದುರ್ತು" ಎಂದು ಹೊಲ ತುಂಬಾ ಗಲಗಲ.

ಆ ಗದ್ದಲದಲ್ಲಿ ಬದುವಿನ ಆಚೆಯಿಂದ, ಮೂರೂವರೆ ತಿಂಗಳಿಂದ ಕೇಳದಿದ್ದ ಒಂದು ದನಿ ನಾಲ್ಕು ಬೀದಿಗೆ ಕೇಳುವಂತೆ ಎದ್ದಿತು.

"ಅತ್ತಿಗೇ."

ಎಲ್ಲರೂ ತಿರುಗಿದರು. ನಾದಿನಿ ತಮ್ಮ ಹೊಲದ ನಡುವೆ ನಿಂತಿದ್ದರು. ಅವರ ಬೀನ್ಸ್ ಇನ್ನೂ ಮೊಣಕಾಲೆತ್ತರ, ಹೂ ಬಿಡುವ ಹಂತ. ಒಂದು ಗಿಡ ಕಿತ್ತು ಎತ್ತಿ ಹಿಡಿದಿದ್ದರು.

"ನಿಮ್ಮದರಲ್ಲಿ ಊತ ಉಳಿದಿದೆ ಅಲ್ವಾ? ಇಲ್ಲಿ ಬಂದು ನೋಡಿ."

ಅತ್ತಿಗೆ ಬದು ದಾಟಿದ ವೇಗಕ್ಕೆ ತಂತಿ ಕಟ್ಟಿದ ಚಪ್ಪಲಿ ಹಿಂದೆಯೇ ಉಳಿಯಿತು. ಹುಡುಗಿಯೂ ಓಡಿದಳು. ನಾದಿನಿ "ಕಾಲು" ಅಂದರು. ಅವರ ಹೊಲದ ಬಾಯಲ್ಲೂ ಒಂದು ಬಕೆಟ್ ಇತ್ತು. ಇಬ್ಬರೂ ಕಾಲು ತೊಳೆದುಕೊಂಡರು.

ಆ ಬೇರು ಬೆಳ್ಳಗೆ, ನೀಳವಾಗಿ, ಗಡ್ಡದ ಹಾಗೆ ಇಳಿಬಿದ್ದಿತ್ತು. ಊತ ಹುಡುಕಿದರೆ ಒಂದೋ ಎರಡೋ. ದುಂಡು ಗಂಟು ಬೇಕಾದಷ್ಟು. ಅತ್ತಿಗೆ ಉಜ್ಜಿದರು, ಅಂಗೈ ತುಂಬಿತು. ಹತ್ತು ಗಿಡ ಕಿತ್ತರು, ಹತ್ತೂ ಹಾಗೇ. ಖಾಲಿ ಬಿಟ್ಟ ಪಟ್ಟಿಯಲ್ಲಿ ಕಿತ್ತದ್ದು ಮಾತ್ರ ಊದಿತ್ತು. ಅತ್ತಿಗೆ ಅಲ್ಲೇ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬೇರನ್ನು ಕಣ್ಣ ಹತ್ತಿರ ಹಿಡಿದು, ಸೋತವರು ಇಷ್ಟು ಸಂತೋಷಪಡುವುದನ್ನು ಯಾರೂ ನೋಡಿರಲಿಕ್ಕಿಲ್ಲ ಅನ್ನುವ ಹಾಗೆ ನಗತೊಡಗಿದರು.

"ನಾನು ಹೂವನ್ನ ಬೀನ್ಸ್ ಜೊತೆಗೇ ನೆಟ್ಟೆ. ಹೂವಿನ ಬೇರು ಇಳಿಯೋಷ್ಟರಲ್ಲಿ ಹುಳ ಬೀನ್ಸ್ ಒಳಗೆ ಹೊಕ್ಕಾಗಿತ್ತು. ನೀನು ಮೊದಲು ಹೂವಿನ ಬೇರು ಇಳಿಸಿ, ಜಾಗ ಶುದ್ಧ ಮಾಡಿ, ಆಮೇಲೆ ಬೀಜ ಹಾಕಿದ್ದೀಯ. ಅಲ್ವಾ? ಅಲ್ವೇ ಕಣಮ್ಮ?"

"ಅದೇ ಇರಬೇಕು" ಅಂದಳು ಹುಡುಗಿ. ಪುಸ್ತಕದಲ್ಲಿ ಓದಿದ ಒಂದು ಸಾಲು ಕಣ್ಣೆದುರು ಹಳದಿಯಾಗಿ ನಿಂತಿತ್ತು.

"ಆದ್ರೆ ಈ ಹೊಲಕ್ಕೆ ಹುಳ ಬಂದು ಒಂದು ವರ್ಷವೂ ಆಗಿಲ್ಲ, ನಿಮ್ಮದಕ್ಕೆ ಎಷ್ಟು ವರ್ಷವೋ" ಎಂದರು ಹಿಂದಿನಿಂದ ಮುಖ್ಯಸ್ಥರು. "ಅಲ್ಲದೆ ಇಲ್ಲಿನ ಬೆಳೆ ಇನ್ನೂ ಎಳೆಯದು. ಒಂದು ಬೆಳೆ ನೋಡಿ ತೀರ್ಮಾನ ಬೇಡ. ಮುಂದಿನ ಸಲ ಅದಲುಬದಲು ಮಾಡಿ ನೋಡಿ."

"ಮಾಡ್ತೀವಿ" ಎಂದರು ಅತ್ತಿಗೆ ಮತ್ತು ನಾದಿನಿ ಒಂದೇ ಉಸಿರಿಗೆ. ಹೇಳಿದ ಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಯಾರು ನಿಮ್ಮ ಜೊತೆ ಮಾಡ್ತೀನಿ ಅಂದಿದ್ದು?"

"ನೀನೇ ಈಗ ಅಂದೆ. ಮೂವತ್ತು ಜನ ಸಾಕ್ಷಿ ಇದಾರೆ."

"ಮಣ್ಣು ಮಾತ್ರ ಕೊಡಬೇಡಿ."

"ಕೇಳಿದ್ರೂ ಕೊಡಲ್ಲ. ಸಸಿ ಕೊಡ್ತೀನಿ."

"ಎಷ್ಟು?"

"ಹನ್ನೊಂದು ಬುಟ್ಟಿ."

ನಾದಿನಿ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಗು ಆ ದೊಡ್ಡ ದನಿಯಲ್ಲೇ ಬಂತು. ತಗಡಿನ ಚಪ್ಪರದ ಕಡೆಯಿಂದ ಅಣ್ಣ, ಯಾರೂ ಕರೆಯದಿದ್ದರೂ, "ಊಟಕ್ಕೆ ಎಷ್ಟು ತಟ್ಟೆ ಹಾಕಲಿ?" ಎಂದು ಕೇಳಿದ. ಅವನ ಕಿವಿ ನೆಟ್ಟಗಿದೆ ಎಂದು ಅವತ್ತು ಎಲ್ಲರಿಗೂ ಖಚಿತವಾಯಿತು.

ಮುಂದಿನ ಬೆಳೆಯಲ್ಲಿ ಅದಲುಬದಲು ಮಾಡಿದರು. ಅತ್ತಿಗೆಯ ಹಳೇ ರೋಗದ ಹೊಲದಲ್ಲೂ ಹೂವು ಮೊದಲು, ಬೀನ್ಸ್ ಆಮೇಲೆ ಎಂದಾದಾಗ ಊತ ಬಹಳಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ನಾದಿನಿಯ ಹೊಲದಲ್ಲಿ ಎರಡನ್ನೂ ಒಟ್ಟಿಗೆ ಹಾಕಿದಾಗ ಊತ ಸ್ವಲ್ಪ ಮರಳಿತು. ಕೆಳಮೂಲೆಯ ನೀರು ನಿಲ್ಲುವ ಜಾಗದಲ್ಲಿ ಎರಡೂ ಕಡೆ ಉಪಾಯ ಅಷ್ಟಾಗಿ ನಡೆಯಲಿಲ್ಲ. ಯಾಕೆಂದು ಇನ್ನೂ ಹುಡುಕುತ್ತಿದ್ದಾರೆ. ಹುಡುಗಿ ಈಗ ಭಾಷಣವನ್ನು ಆ ಕೊನೆಯ ಚಿತ್ರದಿಂದಲೇ ಶುರುಮಾಡುತ್ತಾಳೆ. ಚಹಾ ಬಂದರೆ ಹೊರಗೆ ಕಾಯಲು ಹೇಳುತ್ತಾಳೆ.

ಅತ್ತಿಗೆ ಈಗ ತಮ್ಮ ಹೊಲದಲ್ಲಿ ಬೀನ್ಸ್ ಮತ್ತು ಚೆಂಡುಹೂ ಬೆಳೆಯುತ್ತಾರೆ, ನಾದಿನಿಯ ಜೊತೆ ಸೇರಿ ಸಸಿ ಮಾಡಿ ಕೇಳಿದವರಿಗೆ ಕೊಡುತ್ತಾರೆ. ಪ್ರತಿ ಬುಧವಾರ ಹತ್ತು ಗಂಟೆಗೆ ಮಣ್ಣು ಪರೀಕ್ಷಾ ಕೇಂದ್ರದ ಮೆಟ್ಟಿಲ ಮೇಲೆ ಒಂದು ಬಕೆಟ್ ನೀರು ಇಟ್ಟುಕೊಂಡು ಕೂತು, ರೈತರು ತಂದ ಬೇರುಗಳನ್ನು ಉಜ್ಜಿ ನೋಡುತ್ತಾರೆ.